ಓಣಿಯ ತಾಯಂದಿರ ಗಣತಿ

ಕಸ್ತೂರಿಬಾಯಿಯ ಬಾಯಿಗೆ ಹುಮನಾಬಾದಿನ ಆ ಓಣಿಯಲ್ಲಿ ಹೆದರದವರಿರಲಿಲ್ಲ. ಯಾರ ಮನೆಯ ಬಾಣಂತಿ ತಲೆಗೆ ಬಟ್ಟೆ ಕಟ್ಟದೆ ಅಂಗಳಕ್ಕೆ ಬಂದಳು, ಯಾರ ಕೂಸಿನ ಹಣೆಗೆ ಕಾಡಿಗೆ ಬೊಟ್ಟಿಲ್ಲ, ಯಾರ ಮಗ ರೊಟ್ಟಿ ತಿನ್ನದೆ ಬರೀ ಚಹಾದಲ್ಲಿ ಪಾವು ಅದ್ದಿಕೊಂಡು ತಿಂದು ಶಾಲೆಗೆ ಹೋದ, ಎಲ್ಲವೂ ಆಕೆಗೆ ಗೊತ್ತು. ಗೊತ್ತಿದ್ದ ಮೇಲೆ ಸುಮ್ಮನಿರುವ ಜೀವವೇ ಅದು? ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ತೊಗರಿಬೇಳೆ ಆರಿಸುತ್ತ, ದಾರಿಯಲ್ಲಿ ಹಾದುಹೋಗುವ ತಾಯಂದಿರಿಗೆಲ್ಲ ಒಂದೊಂದು ಮಾತು ಕಟ್ಟಿ ಕಳಿಸುತ್ತಿದ್ದಳು. ಹೇಳಿಸಿಕೊಂಡವರು ಹಿಂದಿನಿಂದ ಬೈದುಕೊಳ್ಳುತ್ತಿದ್ದರು, ಮಗುವಿಗೆ ಹೊಟ್ಟೆನೋವು ಬಂದಾಗ ಮಾತ್ರ ಆಕೆಯ ಬಾಗಿಲಿಗೇ ಓಡಿ ಬರುತ್ತಿದ್ದರು.

ಅಂಥವಳ ಮನೆಗೇ ನೌಕರಿ ಮಾಡುವ ಸೊಸೆ ಬಂದಿದ್ದಳು. ಶೀತಲ್ ಬಸವಕಲ್ಯಾಣದ ಹುಡುಗಿ. ಟಿಸಿಎಚ್ ಮುಗಿಸಿ, ಮದುವೆಗೆ ಮೊದಲೇ ಸರ್ಕಾರಿ ಶಾಲೆಯ ಟೀಚರ್ ಆದವಳು. ಅವಳ ಗಂಡ ಸಂಜೀವಕುಮಾರ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯಲ್ಲಿ ಕ್ಲಾರ್ಕ್. ಕಬ್ಬಿನ ಹಂಗಾಮು ಬಂತೆಂದರೆ ಹಗಲು ಹೊತ್ತು ಅವನ ಮುಖ ಮನೆಯವರಿಗೇ ಅಪರೂಪ. ಮಾವ ವೈಜನಾಥ ಬಸ್ ಸ್ಟ್ಯಾಂಡ್ ಹಿಂದೆ ಕಿರಾಣಿ ಅಂಗಡಿ ಇಟ್ಟವರು, ಅಂಗಡಿಯಲ್ಲಿ ಎಷ್ಟು ಮಾತೋ ಮನೆಯಲ್ಲಿ ಅಷ್ಟು ಮೌನ. ಹಾಗಾಗಿ ಹದಿಮೂರು ತಿಂಗಳ ಮೊಮ್ಮಗಳು ಸ್ನೇಹಲ್ ಹಗಲೆಲ್ಲ ಅಜ್ಜಿಯ ಸೊಂಟದ ಮೇಲೆ. ಹೊರಗಿನವರ ಮುಂದೆ "ನಮ್ಮ ಸೊಸಿ ಸರ್ಕಾರಿ ಟೀಚರ್ ಅದಾಳ್ರಿ" ಎಂದು ಹಿಗ್ಗುವ ಕಸ್ತೂರಿಬಾಯಿ, ಒಳಗೆ ಬಂದು "ಹೆರೋದು ಒಬ್ರು, ಹೊರೋದು ಒಬ್ರು" ಎಂದು ಗೊಣಗುತ್ತಿದ್ದಳು. ಗೊಣಗುತ್ತಲೇ ಸೊಸೆಯ ಡಬ್ಬಿಗೆ ನಾಲ್ಕು ರೊಟ್ಟಿ, ಪುಂಡಿಪಲ್ಯ, ಮೇಲೆ ಶೇಂಗಾ ಹಿಂಡಿ ಒತ್ತಿ ತುಂಬುತ್ತಿದ್ದಳು.

ಎರಡು ಸಾವಿರದ ಒಂದನೆಯ ಇಸವಿಯ ಫೆಬ್ರವರಿ. ಜನಗಣತಿಯ ಕೆಲಸ ಟೀಚರುಗಳ ಕೊರಳಿಗೆ ಬಿದ್ದಿತ್ತು. ಶೀತಲ್ ಅದರ ತರಬೇತಿಗೆಂದು ಹೋಗಿದ್ದ ದಿನವೇ ಸ್ನೇಹಲ್‌ಗೆ ಜ್ವರ ಏರಿತು. ಕಸ್ತೂರಿಬಾಯಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಡಾಕ್ಟರ ಹತ್ತಿರ ಓಡಿದಳು. ಸೂಜಿ ಚುಚ್ಚುತ್ತ ಡಾಕ್ಟರು ಕೇಳಿದ್ದು ಒಂದೇ ಮಾತು, "ಇದರ ತಾಯಿ ಎಲ್ಲಿ?" ಅಲ್ಲಿ ಸಾಲಾಗಿ ಕುಳಿತಿದ್ದ ಹೆಂಗಸರೆಲ್ಲ ಕತ್ತೆತ್ತಿ ನೋಡಿದರು. ಊರಿಗೆಲ್ಲ ಉತ್ತರ ಕೊಡುವ ಕಸ್ತೂರಿಬಾಯಿ ಕೂಸಿನ ಮುಖಕ್ಕೆ ಸೆರಗು ಮುಚ್ಚಿ, ಔಷಧಿ ಚೀಟಿ ಇಸಿದುಕೊಂಡು ಹೊರಬಂದಳು.

ಮನೆಗೆ ಬಂದರೆ ಬೇಮಳಖೇಡದಿಂದ ಚಂದಮ್ಮ ಬಂದು ಕುಳಿತಿದ್ದಾರೆ. ಚಂದಮ್ಮ ಎಂದರೆ ವೈಜನಾಥರ ಅಕ್ಕ. ಓಣಿಯೆಲ್ಲ ಕಸ್ತೂರಿಬಾಯಿಗೆ ಹೆದರಿದರೆ ಕಸ್ತೂರಿಬಾಯಿ ಹೆದರುವುದು ಈ ಒಬ್ಬಾಕೆಗೆ. ಸಂಜೆ ಎಲ್ಲರೂ ಊಟಕ್ಕೆ ಕುಳಿತಾಗ ಚಂದಮ್ಮ ಶುರುಮಾಡಿದರು.

"ಹೆತ್ತಾಕಿ ಜೀವಂತ ಇದ್ದು ಕೂಸು ಪರದೇಸಿ ಆಗ್ಯಾದ. ಇದೇನು ಚಂದ ಸಂಸಾರನೋ ನಿಮ್ಮದು!"

"ಅತ್ತಿ ಮನಿಯಾಗೇ ಇದ್ರಲ್ರಿ," ಶೀತಲ್ ಮೆಲ್ಲಗೆ ಅಂದಳು. "ಜಲ್ದಿ ಡಾಕ್ಟರ ಕಡಿ ಒಯ್ದಾರ. ಈಗ ಜ್ವರ ಬಿಟ್ಟದ."

"ಅತ್ತಿ ಅತ್ತಿನೇ, ತಾಯಿ ತಾಯಿನೇ. ನಿನ್ನ ಪಗಾರಿಲ್ಲಂದ್ರ ಈ ಮನ್ಯಾಗ ಒಲಿ ಉರಿಯಂಗಿಲ್ಲೇನು? ಕಸ್ತೂರಿ, ಕೇಳಿಲ್ಲಿ. ನೌಕರಿ ಬಿಡಿಸು. ನಾಳೆ ಕೂಸಿಗಿ ಏನರೆ ಹೆಚ್ಚುಕಡಿಮಿ ಆದ್ರ ಮಂದಿ ನಿನ್ನ ಹೆಸರು ತಗೊಳ್ಳಂಗಿಲ್ಲ, ಅಕಿ ಹೆಸರೇ ತಗೋತಾರ."

ಶೀತಲ್ ಗಂಡನ ಕಡೆ ನೋಡಿದಳು. ಸಂಜೀವಕುಮಾರ ತಾಟಿನ ಕಡೆ ನೋಡಿದ.

"ಅವ್ವ ಹ್ಯಾಂಗ ಅಂತಾಳ ಹಂಗ," ಅಂದ.

"ನೌಕರಿ ನಂದು. ನೀವೊಂದು ಮಾತು ಹೇಳಂಗಿಲ್ಲೇನು?" ಶೀತಲ್‌ಳ ಕಣ್ಣುಗಳು ತುಂಬಿ ಬಂದವು. "ಎಂಟುನೂರು ಮಂದ್ಯಾಗ ನಂಬರ್ ಹಚ್ಚಿ ಬಂದದ್ದು ಅದು. ನಾ ಬಿಟ್ರ ಮತ್ತ ಸಿಗಂಗಿಲ್ಲ."

ಎಲ್ಲರೂ ಕಸ್ತೂರಿಬಾಯಿಯ ಬಾಯಿಯನ್ನೇ ನೋಡಿದರು. ಆಕೆ ವೈಜನಾಥರ ತಾಟಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು.

"ಈ ಮಂದಿ ಎಣಿಸೋ ಕೆಲಸ ಮುಗೀಲಿ. ಆಮ್ಯಾಲ ಹೇಳ್ತೀನಿ."

"ಮರ್ದುಂಶುಮಾರಿ ಅಂತಾರ ಅದಕ್ಕ," ವೈಜನಾಥ ಉರ್ದು ಶಾಲೆಯಲ್ಲಿ ಕಲಿತ ಕಾಲದ ಶಬ್ದವೊಂದನ್ನು ನೆನಪು ಮಾಡಿಕೊಂಡು ಹೇಳಿ, ಮತ್ತೆ ರೊಟ್ಟಿ ಮುರಿಯತೊಡಗಿದರು. ಅವರಿಗೆ ಅಷ್ಟೇ ಗೊತ್ತು ಪಾಪ.

ಚಂದಮ್ಮ ಮರುದಿನ ಊರಿಗೆ ಹೋದರು, ಶಿವರಾತ್ರಿಗೆ ಬರುತ್ತೇನೆಂದು ಹೇಳಿಯೇ ಹೋದರು. ಶೀತಲ್‌ಗೆ ತಮ್ಮ ಓಣಿ ಮತ್ತು ಅದರ ಹಿಂದಿನ ಎರಡು ಓಣಿಗಳ ಗಣತಿ ಬಂದಿತ್ತು. ಶಾಲೆ ಮುಗಿಸಿ, ಕಾಗದದ ಕಟ್ಟು ಹಿಡಿದು ಹೊರಟವಳ ಹಿಂದೆ ಕಸ್ತೂರಿಬಾಯಿಯೂ ಕೂಸನ್ನೆತ್ತಿಕೊಂಡು ಹೊರಟಳು.

"ನೀವ್ಯಾಕ್ರಿ ಅತ್ತಿ?"

"ನಮ್ಮ ಮನಿ ಸೊಸಿ ಒಬ್ಬಾಕಿನೇ ಮನಿ ಮನಿ ಬಾಗಲಾ ಬಡೀತಾಳಂದ್ರ ಮಂದಿ ಏನನ್ನಬಾರ್ದು? ಮತ್ತ ಈ ಪೋರಿ ನಡುನಡುವ ಹಾಲಿಗಿ ಅಳ್ತದ. ನಡಿ, ನಡಿ."

ಮೊದಲನೆಯ ದಿನವೇ ರಾಮಾಯಣ ಆಯಿತು. ಎದುರು ಮನೆಯ ಸಖುಬಾಯಿ ತನ್ನ ಮಗಳ ವಯಸ್ಸು ಹದಿನೆಂಟು ಎಂದಳು. ಕಸ್ತೂರಿಬಾಯಿ ಬಿಟ್ಟಾಳೆಯೇ?

"ಹದಿನೆಂಟ? ನಮ್ಮ ಸಣ್ಣಾಕಿ ತೊಟ್ಲಾಗ ಇದ್ದಾಗ ನಿನ್ನ ಮಗಳು ಓಡ್ಯಾಡ್ತಿದ್ಳು. ಇಪ್ಪತ್ತೆರಡು ಬರಿ ಶೀತಲ್."

"ಏ ಕಸ್ತೂರಿಬಾಯಿ, ನೋಡಾಕ ವರ ಬರಾಕತ್ತಾನ, ನಿನಗೇನು ಬ್ಯಾರೆ ಕೆಲಸಿಲ್ಲೇನು!"

ಶೀತಲ್ ಹೊರಗೆ ಬಂದ ಮೇಲೆ ಅತ್ತೆಗೆ ಕೈ ಮುಗಿದಳು. "ಅತ್ತಿ, ಅವರು ಏನು ಹೇಳ್ತಾರ ಅದನ್ನೇ ಬರೀಬೇಕ್ರಿ. ನಮ್ಮ ಕೆಲಸ ಕೇಳೋದು. ಅವರು ಮಾಡಿದ್ದು ಸರಿ ಅದನೋ ತಪ್ಪದನೋ ಹೇಳೋದಲ್ಲ."

"ಕೇಳಿ ಸುಮ್ಮನೆ ಬರೋದು! ಇದೆಂಥ ನೌಕರಿಯೇ ನಿಂದು?" ಎಂದು ಕಸ್ತೂರಿಬಾಯಿ ನಿಜವಾಗಿ ಬೆರಗಾದಳು. ಆದರೂ ಮರುದಿನದಿಂದ ಬಾಯಿಗೆ ಸೆರಗು ಒತ್ತಿಕೊಂಡು ಕುಳಿತಳು. ಎಷ್ಟೋ ವರ್ಷದ ರೂಢಿ, ಒಂದೆರಡು ಸಲ ಕೆಮ್ಮಿದ್ದುಂಟು.

ಹಾಗೆ ಸುಮ್ಮನೆ ಕುಳಿತಾಗ ಆಕೆಗೆ ಒಂದು ವಿಷಯ ಕಂಡಿತು. ಮದುವೆಯಾದ ಪ್ರತಿಯೊಬ್ಬ ಹೆಂಗಸನ್ನೂ ಶೀತಲ್ ಕೇಳಬೇಕಾದ ಪ್ರಶ್ನೆ ಒಂದಿತ್ತು. ಹುಟ್ಟಿದ ಮಕ್ಕಳೆಷ್ಟು, ಈಗ ಇರುವವರೆಷ್ಟು. ವಯಸ್ಸಿನಲ್ಲಿ ಸುಳ್ಳು ಹೇಳಿದವರು, ಗಂಡನ ಕೆಲಸವನ್ನು ಒಂದಕ್ಕೆರಡು ಮಾಡಿ ಹೇಳಿದವರು ಈ ಪ್ರಶ್ನೆ ಬಂದಾಗ ತಡವರಿಸುತ್ತಿದ್ದರು. ಕೆಲವರು ಗಂಡುಮಕ್ಕಳನ್ನಷ್ಟೇ ಎಣಿಸಿ ಹೇಳುತ್ತಿದ್ದರು, "ಹೆಣ್ಣುಮಕ್ಕಳ್ರಿ?" ಎಂದು ಶೀತಲ್ ಕೇಳಿದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಕೆಲವರು ಗಂಡ ಒಳಗೆ ಹೋಗುವವರೆಗೆ ಕಾದು, ದನಿ ತಗ್ಗಿಸಿ, ಇನ್ನೊಂದು ಅಂಕಿ ಹೇಳುತ್ತಿದ್ದರು. ಇಪ್ಪತ್ತು ವರ್ಷದಿಂದ ಇವರಿಗೆಲ್ಲ ಬುದ್ಧಿ ಹೇಳುತ್ತ ಬಂದ ಕಸ್ತೂರಿಬಾಯಿಗೆ ಇದರಲ್ಲಿ ಅರ್ಧವೂ ಗೊತ್ತಿರಲಿಲ್ಲ. ಆಕೆಗೆ ನಾಚಿಕೆಯಾಯಿತು.

ಹಿಂದಿನ ಓಣಿಯ ಅಕ್ಬರಿ ಕೌದಿ ಹೊಲಿಯುವವಳು. ಹೆರಿಗೆಗೆ ಬಂದ ಮಗಳು ಪಕ್ಕದಲ್ಲಿ ಕಾಲು ಚಾಚಿ ಕುಳಿತಿದ್ದಳು, ದಿನ ತುಂಬಿತ್ತು. ಅಕ್ಬರಿ ಸೂಜಿ ನಿಲ್ಲಿಸಲೂ ಇಲ್ಲ.

"ಏಳು ಹುಟ್ಯಾವ ಟೀಚರಮ್ಮ, ನಾಕು ಅದಾವ. ಹೋದವು ಮೂರು. ರಫೀಕ, ಶಮೀಮ, ಇನ್ನೊಂದಕ್ಕ ಹೆಸರಿಟ್ಟಿದ್ದಿಲ್ಲ, ಆದ್ರ ನಾ ಮನಸ್ಸಿನ್ಯಾಗ ನೂರಿ ಅಂತಿದ್ದೆ."

ಇಷ್ಟು ದಿನ ಒತ್ತಿ ಹಿಡಿದ ಬಾಯಿಯನ್ನು ಕಸ್ತೂರಿಬಾಯಿಗೆ ಆಗ ತಡೆಯಲಾಗಲಿಲ್ಲ. "ಮಂದಿ ನಿನಗ ಏನೂ ಅನ್ನಲಿಲ್ಲೇನ ಅಕ್ಬರಿ?"

"ಅಂದ್ರು ಅಕ್ಕಾ, ಯಾಕ ಅನ್ನಂಗಿಲ್ಲ! ನನ್ನ ಹಾಲಿನ್ಯಾಗೇ ಖೋಟ ಅದ ಅಂದ್ರು."

"ನೀ ಏನಂದಿ?"

"ನಾ ಏನನ್ಲಿ? ನಾ ಬೀ ಹೌದಂತ ತಿಳ್ದಿದ್ದೆ. ಹತ್ತು ವರ್ಷ ಹಂಗೇ ತಿಳ್ಕೊಂಡು ಅತ್ತೀನಿ. ಆಮ್ಯಾಲ ಒಬ್ಬ ನರ್ಸಮ್ಮ ಬಂದು, ಏ ಹುಚ್ಚಿ, ಅದು ಬ್ಯಾನಿ, ನಿನ್ನ ತಪ್ಪಲ್ಲ ಅಂದ್ಳು. ಆ ಹೊತ್ತು ಹೊಟ್ಟಿ ತುಂಬ ಉಂಡೆ ನೋಡಕ್ಕಾ."

ಕಸ್ತೂರಿಬಾಯಿ ಅಲ್ಲಿಂದ ಎದ್ದವಳು ಕೂಸನ್ನು ಎದೆಗೊತ್ತಿಕೊಂಡು ಸೊಸೆಯ ಹಿಂದೆ ನಿಧಾನ ನಡೆದು ಬಂದಳು. ಕಾಲು ನೋವೇ ಎಂದು ಶೀತಲ್ ಎರಡು ಸಲ ಕೇಳಿದಳು.

ಶಿವರಾತ್ರಿಯ ಹಿಂದಿನ ದಿನ ಶೀತಲ್ ತಮ್ಮ ಮನೆಯ ಹಾಳೆ ತುಂಬಲು ಕುಳಿತಳು. ನಗುನಗುತ್ತ ಮಾವನ ಹೆಸರು, ವಯಸ್ಸು, ಉದ್ಯೋಗ ಬರೆದಳು. ಅತ್ತೆಯ ಸರದಿ ಬಂತು.

"ಹುಟ್ಟಿದ ಮಕ್ಕಳೆಷ್ಟ್ರಿ ಅತ್ತಿ?"

"ಗೊತ್ತಿಲ್ಲೇನು ನಿನಗ? ಮೂರು. ಮೂರೂ ಅದಾವ. ನಿನ್ನ ಗಂಡ ಒಬ್ಬ, ಎರಡು ಹೆಣ್ಣು ಕೊಟ್ಟ ಮನಿಯಾಗ."

ಶೀತಲ್ ಬರೆದುಕೊಂಡಳು. ವೈಜನಾಥ ಹೆಂಡತಿಯ ಮುಖ ನೋಡಿ, ಟೊಪ್ಪಿಗೆ ಹಾಕಿಕೊಂಡು ಅಂಗಡಿಗೆ ಹೊರಟುಬಿಟ್ಟರು.

ಮರುದಿನ ಉಪವಾಸಕ್ಕೆ ಮಾಡಿದ ಸಾಬೂದಾಣಿ ಖಿಚಡಿಗೆ ಕಸ್ತೂರಿಬಾಯಿ ಎರಡು ಸಲ ಉಪ್ಪು ಹಾಕಿದಳು. ಯಾರೂ ಬಾಯಿ ಬಿಡಲಿಲ್ಲ, ಗೆಣಸು ತಿಂದು ಎದ್ದರು. ಶೀತಲ್ ಗುಡಿಗೆ ಹೋದ ಮೇಲೆ ವೈಜನಾಥ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಂದರು.

"ಸುನಂದಾನ ಬಿಟ್ಟಿ."

ಆ ಹೆಸರು ಆ ಮನೆಯಲ್ಲಿ ಕೇಳಿ ಇಪ್ಪತ್ತೆಂಟು ವರ್ಷವಾಗಿತ್ತು.

"ಸೊಸಿ ಮುಂದ ಏನಂತ ಹೇಳ್ಬೇಕಿತ್ತ್ರಿ ನಾ? ಕೂಸಿನ್ನ ಬಿಟ್ಟು ಹೋಗಿದ್ದಾಕಿ ನಾನೇ ಅಂತ ಹೇಳ್ಬೇಕಿತ್ತೇನು?"

ವೈಜನಾಥ ಹೆಂಡತಿಯ ಕೈಯಿಂದ ಪಾತ್ರೆ ಇಸಿದುಕೊಂಡು ಆ ಉಪ್ಪು ಖಿಚಡಿಯನ್ನೇ ಕುಳಿತು ತಿಂದರು. ಅವರ ಪ್ರೀತಿ ಇರುವುದೇ ಹಾಗೆ.

ಇಪ್ಪತ್ತೆಂಟು ವರ್ಷದ ಹಿಂದೆ ಅವರ ಮನೆ ಬಸವಕಲ್ಯಾಣದಲ್ಲಿತ್ತು, ಹೊಲ ಊರ ಹೊರಗೆ. ಜೋಳದ ಸುಗ್ಗಿ. ಒಂಬತ್ತು ತಿಂಗಳ ಚೊಚ್ಚಲ ಮಗಳು ಸುನಂದಾಳ ಮೈ ಬೆಳಗಿನಿಂದ ಬೆಚ್ಚಗಿತ್ತು. ಕಸ್ತೂರಿ ಹಾಗೆಂದು ಹೇಳಿದರೆ ಅವಳ ಅತ್ತೆ, "ಹಲ್ಲು ಬರಾಕತ್ತಾವ, ಹೊಲಕ್ಕ ನಡಿ" ಎಂದಳು. ಇಪ್ಪತ್ತೊಂದು ವರ್ಷದ ಸೊಸೆ, ಎದುರಾಡುವ ಕಾಲವಲ್ಲ. ತವರಿಗೆ ಬಂದಿದ್ದ ಚಂದಮ್ಮನ ತೊಡೆಯ ಮೇಲೆ ಕೂಸನ್ನು ಹಾಕಿ ಗಾಡಿ ಹತ್ತಿದಳು. ಸಂಜೆ ಬರುವಷ್ಟರಲ್ಲಿ ಕೂಸು ಇರಲಿಲ್ಲ. ಹೆತ್ತವಳು ಬಿಟ್ಟು ಹೋದಳೆಂದು ಓಣಿಯೆಲ್ಲ ಆಡಿಕೊಂಡಿತು. ಮೊದಲು ಆ ಮಾತು ಹೇಳಿದ್ದು ಚಂದಮ್ಮ. ಅದೇ ವರ್ಷ ವೈಜನಾಥ ಹೆಂಡತಿಯನ್ನು ಕರೆದುಕೊಂಡು ಹುಮನಾಬಾದಿಗೆ ಬಂದರು. ಆಮೇಲೆ ಹುಟ್ಟಿದ ಮೂರು ಮಕ್ಕಳನ್ನು ಕಸ್ತೂರಿಬಾಯಿ ನೆಲಕ್ಕೆ ಇಳಿಸದೆ ಬೆಳೆಸಿದಳು, ಓಣಿಯ ಮಕ್ಕಳಿಗೂ ಕಾವಲು ಕುಳಿತಳು. ಆಕೆಯ ಬಾಯಿ ಅಷ್ಟು ಜೋರಾದದ್ದು ಅಲ್ಲಿಂದಲೇ.

ಶಿವರಾತ್ರಿಯ ಸಂಜೆಗೆ ಬಂದ ಚಂದಮ್ಮ ಹಿಂತಿರುಗಿ ಹೋಗಲಿಲ್ಲ, ನೌಕರಿಯ ಮಾತು ಇತ್ಯರ್ಥವಾಗದೆ ಹೋಗುವವರಲ್ಲ. ಸಂಜೀವಕುಮಾರನೂ ಸೋದರತ್ತೆಯ ಮಾತಿಗೆ ವಾಲಿದ. ಶೀತಲ್ ಊಟದಲ್ಲಿ ಅರ್ಧ ರೊಟ್ಟಿ ಬಿಡತೊಡಗಿದಳು. ನೀರು ತುಂಬುವಾಗ, ಬಟ್ಟೆ ಹಿಂಡುವಾಗ ಕಸ್ತೂರಿಬಾಯಿ ಆಕೆಯ ಮುಖವನ್ನೇ ನೋಡುತ್ತಿದ್ದಳು. ಬಿಡು ಎನ್ನಲು ಬಾಯಿ ಬಾರದು. ಬಿಡಬೇಡ ಎಂದರೆ, ನಾಳೆ ಕೂಸಿಗೆ ಏನಾದರೂ ಆದರೆ? ತಾನು ಹೊತ್ತ ಮಾತನ್ನು ಈ ಹುಡುಗಿಯೂ ಜೀವನವಿಡೀ ಹೊರಬೇಕೆ? ದಿನಗಳು ಹಾಗೆಯೇ ಕಳೆದವು.

ಮಾರ್ಚ್ ಒಂದನೆಯ ತಾರೀಖು ಬಂತು. ಗಣತಿ ಮುಗಿದಿತ್ತು, ಆದರೆ ಮನೆಮನೆಗೆ ಇನ್ನೊಮ್ಮೆ ಹೋಗಿ, ನಡುವೆ ಹುಟ್ಟಿದವರು ಸತ್ತವರು ಇದ್ದರೆ ತಿದ್ದಿಕೊಂಡು ಬರಬೇಕಿತ್ತು. ಬೆಳಿಗ್ಗೆ ಎಲ್ಲರೂ ಚಹಾ ಕುಡಿಯುತ್ತಿದ್ದರು. ಶೀತಲ್ ಕಾಗದಗಳನ್ನು ಜೋಡಿಸಿಕೊಂಡು ಅತ್ತೆಯ ಮುಂದೆ ನಿಂತಳು.

"ಎರಡು ಮೂರು ದಿನದಾಗ ಇದು ಮುಗೀತದ್ರಿ ಅತ್ತಿ. ರಾಜೀನಾಮಿ ಬರೀಲೇನ್ರಿ? ನೀವು ಬರಿ ಅಂದ್ರ ಬರೀತೀನಿ. ನಿಮ್ಮ ಮ್ಯಾಲ ಸಿಟ್ಟು ಮಾಡ್ಕೊಳ್ಳಂಗಿಲ್ಲ."

"ಹೇಳು ಕಸ್ತೂರಿ," ಚಂದಮ್ಮ ಚಹಾದ ಬಸಿ ಕೆಳಗಿಟ್ಟರು.

"ಮೊದಲ ನಮ್ಮ ಮನಿ ಹಾಳಿ ತಗಿ," ಕಸ್ತೂರಿಬಾಯಿ ಸೊಸೆಗೆ ಅಂದಳು.

"ನಮ್ಮದು ಏನೂ ಬದಲಿಲ್ಲಲ್ರಿ?"

"ತಪ್ಪು ಬರ್ಸೀನಿ. ಹುಟ್ಟಿದ್ದು ನಾಕು. ಇರೋದು ಮೂರು."

ಸಂಜೀವಕುಮಾರ ಕಪ್ಪು ಹಿಡಿದವನು ಹಿಡಿದಂತೆಯೇ ಕುಳಿತ. "ಏನವ್ವಾ?"

"ನಿನಗಿಂತ ಮೊದಲ ನಿನಗೊಬ್ಬಾಕಿ ಅಕ್ಕ ಇದ್ಳು. ಸುನಂದಾ. ಮೈ ಬೆಚ್ಚಗಿತ್ತು, ಗೊತ್ತಿದ್ದೂ ನಾ ಹೊಲಕ್ಕ ಹೋದೆ. ಬರೋದ್ರಾಗ ಹೋಗಿದ್ಳು. ಬಿಟ್ಟು ಹೋದಾಕಿ ಅಂತ ಮಂದಿ ಅಂದ್ರು, ನಾ ಬೀ ಅಂದ್ಕೊಂಡೆ. ಅದಕ್ಕೇ ನಿಮಗ್ಯಾರಿಗೂ ಹೇಳಲಿಲ್ಲ."

"ಸಾಕು ಕಸ್ತೂರಿ," ಚಂದಮ್ಮ ನಡುವೆ ಬಾಯಿ ಹಾಕಿದರು. "ಹುಡುಗ್ರ ಮುಂದ ಯಾಕ?"

"ಯಾಕಂದ್ರ ನೀವು ಅದೇ ಮಾತು ಈಕಿಗೂ ಕಟ್ಟಾಕತ್ತೀರಿ ಅಕ್ಕಾ! ನಾ ಹೊತ್ತೀನಿ, ಸಾಕಾಗ್ಯಾದ."

ಚಂದಮ್ಮ ಮೊಣಕಾಲು ಮಡಚಿ ಎದೆಗೆ ಒತ್ತಿಕೊಂಡರು. ಆ ಜೋರಿನ ಹೆಂಗಸು ಅಷ್ಟು ಸಣ್ಣಗಾಗಿ ಕುಳಿತದ್ದನ್ನು ಆ ಮನೆಯವರು ಎಂದೂ ನೋಡಿರಲಿಲ್ಲ.

"ಮಧ್ಯಾಹ್ನ ಅದರ ಮೈ ಸುಡಾಕತ್ತಿತ್ತು," ಅಂದರು. "ಡಾಕ್ಟರ ಕಡಿ ಒಯ್ಯಬೇಕಾಗಿತ್ತು ನಾ. ಹೊಲದಾಗಿದ್ದ ಅವ್ವನ್ನ ಕೇಳದ ಹ್ಯಾಂಗ ಹೋಗ್ಲಿ, ಸಂಜಿಗಿ ನೀ ಬರ್ತಿ ಅಂತ ಕುಂತೆ. ನನ್ನ ತೊಡಿ ಮ್ಯಾಲೇ ಹೋಯ್ತು ಕಸ್ತೂರಿ. ಮಂದಿ ಬಂದು, ಕೂಸು ಯಾರ ಕಡಿ ಇತ್ತು ಅಂತ ಕೇಳಿದ್ರು. ಹೆದ್ರಿಕಿಯಾಗಿ ತಾಯಿ ಬಿಟ್ಟು ಹೋದ್ಳು ಅಂದುಬಿಟ್ಟೆ. ಅಂದ ಮ್ಯಾಲ ತಿರುಗಿ ತಗೊಳ್ಳೋ ಧೈರ್ಯ ಬರಲಿಲ್ಲ. ನೀವು ಊರು ಬಿಟ್ಟಾಗ ಬೀ ಬರಲಿಲ್ಲ."

ಕಸ್ತೂರಿಬಾಯಿಗೆ ಸಿಟ್ಟು ಬಂತು, ಎಷ್ಟು ಬಂತೆಂದರೆ ಎದ್ದು ಹೋಗಿ ನೀರಿನ ಕೊಡ ಹಿಡಿದು ನಿಂತಳು. "ಇಪ್ಪತ್ತೆಂಟು ವರ್ಷ ಅಕ್ಕಾ! ಇಪ್ಪತ್ತೆಂಟು ವರ್ಷ ನಿಮ್ಮ ಮುಂದ ತಲಿ ಎತ್ತಿಲ್ಲ ನಾ!" ಎಂದು ಅಲ್ಲಿಂದಲೇ ಕೂಗಿದಳು, ಕೂಗಿ ಅತ್ತಳು. ಚಂದಮ್ಮನೂ ಅತ್ತರು. ವೈಜನಾಥ ಇಬ್ಬರ ನಡುವೆ ನಿಂತು, ಯಾರ ಕಡೆ ಹೋಗಬೇಕೆಂದು ತಿಳಿಯದೆ, ಕಡೆಗೆ ಮೊಮ್ಮಗಳನ್ನು ಎತ್ತಿಕೊಂಡರು. ಶೀತಲ್ ಹಾಳೆಯ ಮೇಲಿನ ಮೂರನ್ನು ಹೊಡೆದು ನಾಲ್ಕು ಬರೆದಳು. ಅವಳ ಕಣ್ಣೀರು ಕಾಗದಕ್ಕೆ ಬೀಳದಂತೆ ಸಂಜೀವಕುಮಾರ ಹಾಳೆಯನ್ನು ಪಕ್ಕಕ್ಕೆ ಸರಿಸಿದ.

"ಹೆಸರು ಬರೀತಾರೇನ ಅದರಾಗ?" ಚಂದಮ್ಮ ಕೇಳಿದರು.

"ಜಾಗ ಇಲ್ರಿ ಬೇಮಳಖೇಡ ಅತ್ತಿ. ಅಂಕಿ ಅಷ್ಟೇ ರಿ."

ಕಸ್ತೂರಿಬಾಯಿ ಮುಖ ತೊಳೆದುಕೊಂಡು ಬಂದಳು. "ಕೇಳಿಲ್ಲಿ ಶೀತಲ್. ರಾಜೀನಾಮಿ ಗೀಜಿನಾಮಿ ಏನೂ ಇಲ್ಲ. ಕೂಸಿಗಿ ಜ್ವರ ಬರ್ತಾವ, ಹೋಗ್ತಾವ, ನಾ ಅದೀನಿ. ಇದರ ತಾಯಿ ಎಲ್ಲಿ ಅಂತ ಯಾವ ಡಾಕ್ಟರ ಕೇಳ್ಲಿ, ಸಾಲ್ಯಾಗ ನಲ್ವತ್ತು ಕೂಸುಗೋಳ್ನ ನೋಡಾಕತ್ತಾಳ ಅಂತ ನಾ ಹೇಳ್ತೀನಿ. ಸಂಜು, ನಿಂದೇನರೆ ಹೇಳೋದದ ಏನು?"

"ಇಲ್ಲವ್ವಾ." ಹೆಂಡತಿಯ ಕಡೆ ಒಮ್ಮೆ ನೋಡಿ, ತಡೆದು ಅಂದ, "ಆವತ್ತೇ ನಾನೇ ಹೇಳ್ಬೇಕಾಗಿತ್ತು."

"ಹೌದು, ಹೇಳ್ಬೇಕಾಗಿತ್ತು," ಶೀತಲ್ ಮೂಗು ಒರೆಸಿಕೊಳ್ಳುತ್ತಲೇ ಗದರಿದಳು. ಗದರಿದ್ದು ಕೇಳಿ ಕಸ್ತೂರಿಬಾಯಿಗೆ ಸಮಾಧಾನವಾಯಿತು.

ಅಷ್ಟರಲ್ಲಿ ಹಿಂದಿನ ಓಣಿಯಿಂದ ಸುದ್ದಿ ಬಂತು. ಅಕ್ಬರಿಯ ಮಗಳು ನಿನ್ನೆ ಸಂಜೆ ಹಡೆದಿದ್ದಳು, ಹೆಣ್ಣು ಕೂಸು. ಲೆಕ್ಕದ ಗಡುವಿಗೆ ಮೊದಲು ನಿನ್ನೆಯೇ ಹುಟ್ಟಿದ್ದರಿಂದ ಗಣತಿಗೆ ಸೇರುತ್ತದೆ ಎಂದು ಶೀತಲ್ ಕಾಗದ ಎತ್ತಿಕೊಂಡಳು. ಬಾಣಂತಿಗೆಂದು ಕಸ್ತೂರಿಬಾಯಿ ಅಂಟಿನ ಉಂಡೆಗಳನ್ನು ಡಬ್ಬಿಗೆ ಹಾಕಿದಳು. ಆಮೇಲೆ ಗಂಡನ ಕೈಯಿಂದ ಸ್ನೇಹಲ್‌ಳನ್ನು ಇಸಿದುಕೊಂಡು ಸೀದಾ ಚಂದಮ್ಮನ ಮುಂದೆ ಹೋಗಿ ನಿಂತಳು.

"ಹಿಡೀರಿ ಅಕ್ಕಾ. ನಾವು ಬಾಣಂತಿ ನೋಡಿ ಬರ್ತೀವಿ."

ಚಂದಮ್ಮ ಗೋಡೆಗೆ ಸರಿದರು. ಸಂಜೀವಕುಮಾರ, ಅವನ ತಂಗಿಯರು, ಈಗ ಈ ಕೂಸು, ತಮ್ಮನ ಮನೆಯ ಯಾವ ಮಗುವನ್ನೂ ಅವರು ಎತ್ತಿಕೊಂಡವರಲ್ಲ. ಅದನ್ನು ಎಲ್ಲರೂ ಗತ್ತು ಎಂದುಕೊಂಡಿದ್ದರು.

"ನನ್ನ ಕಡಿ ಬ್ಯಾಡ ಕಸ್ತೂರಿ. ಬ್ಯಾಡ. ನಿನ್ನ ಕಾಲು ಬೀಳ್ತೀನಿ."

"ಕಾಲು ಬೀಳಬ್ಯಾಡ್ರಿ, ಕಾಲು ಚಾಚ್ರಿ."

ಕಸ್ತೂರಿಬಾಯಿ ಬಗ್ಗಿ, ಮೊಮ್ಮಗಳನ್ನು ಚಂದಮ್ಮನ ತೊಡೆಯ ಮೇಲೆ ಕೂರಿಸಿದಳು. ಚಂದಮ್ಮನ ಎರಡೂ ಕೈಗಳು ಮಗುವನ್ನು ಮುಟ್ಟದೆ ಗಾಳಿಯಲ್ಲೇ ಇದ್ದವು. ಸ್ನೇಹಲ್ ಆ ಕೈಗಳಲ್ಲಿ ಒಂದನ್ನು ಎಳೆದು, ಎಣಿಸುವಂತೆ ಒಂದೊಂದೇ ಬಳೆ ಸರಿಸಲು ಶುರುಮಾಡಿತು.

ಅತ್ತೆ ಸೊಸೆ ಅಂಗಳ ಇಳಿಯುವಷ್ಟರಲ್ಲಿ ಒಳಗಿನಿಂದ ಚಂದಮ್ಮ ಕೂಗಿದರು, "ಕಸ್ತೂರಿ! ಮೈ ಬೆಚ್ಚಗಾದ್ರ?"

"ಬೆಚ್ಚಗಾದ್ರ ಎತ್ಗೊಂಡು ಓಡಿ ಬರ್ರಿ ಅಕ್ಕಾ," ಕಸ್ತೂರಿಬಾಯಿ ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು. "ಯಾರನ್ನೂ ಕೇಳಬ್ಯಾಡ್ರಿ. ನೀವೂ ತಾಯಿನೇ."